ಏಳು ತೆಗೆದ ಮೇಲೆ

"ಮತ್ತೆ ಕರೆದಳು ನೋಡಿ, ಅಮ್ಮ. ಕಿವಿಯ ಹತ್ತಿರ ಜಾಗಟೆ ಬಾರಿಸಿದರೂ ಏಳದ ಹುಡುಗಿ. ನಾನು ಮಣಿ ಮುಟ್ಟಿದರೆ ಸಾಕು, ಇವಳಿಗೆ ಬಾಯಾರಿಕೆ."

ಗೊಣಗುತ್ತಲೇ ಹಾಲವ್ವ ಎದ್ದು ಹೋಗಿ ಮಗಳು ಚೆನ್ನಿಗೆ ನೀರು ಕುಡಿಸಿ ಬಂದಳು. ಬಂದು ಕೂತರೆ ಲೆಕ್ಕ ಎಲ್ಲಿಗೆ ನಿಂತಿತ್ತೆಂಬುದೇ ಮರೆತುಹೋಗಿತ್ತು. ಮಣಿಗಳನ್ನೆಲ್ಲ ಸರಿಸಿ ಮೊದಲಿನಿಂದ ಶುರುಮಾಡಿದಳು.

ಎದುರಿಗೆ ಗುರುಗಳು, ಚಿದಂಬರಮ್ಮನವರು, ಕೂತಿದ್ದರು.

ಹೊಳೆದಂಡೆಯ ಆ ಆಶ್ರಮದಲ್ಲಿ ಊಟದ ಲೆಕ್ಕವೆಲ್ಲ ಮಣಿಚೌಕಟ್ಟಿನ ಮೇಲೆಯೇ ನಡೆಯುತ್ತಿತ್ತು. ಇವತ್ತಿಗೆ ಇಷ್ಟು ಸೇರು ಅಕ್ಕಿ ಎಂದು ಅದರಲ್ಲಿ ಕೂಡಿಸಿ ಹೇಳಿದ ಮೇಲೆ ಒಳಗೆ ಒಲೆ ಹೊತ್ತುತ್ತಿತ್ತು. ಇಷ್ಟು ವರ್ಷ ಆ ಕೆಲಸ ಚಿದಂಬರಮ್ಮನವರದೇ. ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಉಗ್ರಾಣದ ಬೀಗದ ಕೈ ಮಾತ್ರ ಇನ್ನೂ ಅವರ ಎಡ ಮುಂಗೈಗೆ ದಾರದಲ್ಲಿ ಕಟ್ಟಿಕೊಂಡೇ ಇತ್ತು. ಅದು ಯಾರ ಕೈಗೆ ಬರುತ್ತದೋ ಅವರಿಗೆ ಉಗ್ರಾಣದ ಪಕ್ಕದ ಕೋಣೆ, ಕಡೆತನಕ.

ಹಾಲವ್ವನಿಗೆ ಅದು ಬೇಕೇ ಬೇಕಾಗಿತ್ತು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿ ನೋಡಿ ಉಂಡವಳು ಅವಳು. ಮಗಳಿಗೂ ಆ ಅನ್ನವೇ ಬೇಡವೆಂದು ಇಲ್ಲಿಗೆ ಬಂದಿದ್ದಳು. ಆಶ್ರಮದಲ್ಲಿ ನೆಲೆ ನಿಲ್ಲಬೇಕಾದರೆ ಒಂದು ಕೆಲಸ ಕೈಗೆ ಹತ್ತಬೇಕು. ಹುಣ್ಣಿಮೆಯ ಪಂಕ್ತಿಯೊಳಗೆ ಹತ್ತದಿದ್ದರೆ ಅಣ್ಣ ದೋಣಿ ತಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಚೌಕಟ್ಟೇನೋ ನೋಡಲು ಮಕ್ಕಳ ಆಟದ ಸಾಮಾನಿನಂತಿತ್ತು. ಸಾಲಾಗಿ ಕಂಬಿಗಳು, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಮೇಲಿನ ಒಂಟಿ ಮಣಿಗೆ ಐದರ ಬೆಲೆ. ಕೆಳಗಿನ ನಾಲ್ಕಕ್ಕೆ ಒಂದೊಂದರ ಬೆಲೆ. ಪಟ್ಟಿಗೆ ತಾಗಿದ ಮಣಿಯನ್ನು ಎಣಿಸಬೇಕು, ದೂರ ನಿಂತದ್ದನ್ನು ಬಿಡಬೇಕು. ಬಲಗಡೆಯ ಕಂಬಿ ಬಿಡಿಯದು, ಅದರ ಎಡಗಡೆಯದು ಹತ್ತರದು.

"ಎಂಟು ಇಡು," ಎಂದರು ಗುರುಗಳು.

ಹಾಲವ್ವ ಮೇಲಿನದೊಂದು, ಕೆಳಗಿನವು ಮೂರು, ಪಟ್ಟಿಗೆ ತಾಗಿಸಿದಳು.

"ಈಗ ಮೂರು ಕೂಡಿಸು."

ಕೆಳಗೆ ಉಳಿದಿದ್ದದ್ದು ಒಂದೇ ಮಣಿ. ಅವಳ ಬೆರಳು ಕಂಬಿಯ ಮೇಲೆ ಹತ್ತಿ ಇಳಿಯಿತು.

"ಮಣಿ ಸಾಲದು, ಅಮ್ಮ."

"ಏಳು ತೆಗೆ. ಎಡಗಡೆ ಒಂದು ಏರಿಸು."

ಹಾಗೆಯೇ ಮಾಡಿದಳು. ಎಡಗಡೆ ಒಂದು, ಬಲಗಡೆ ಒಂದು. ಹನ್ನೊಂದು. ಸರಿಯಾಗಿಯೇ ಇತ್ತು. ಅದು ಸರಿಯಾಗಿದ್ದದ್ದೇ ಅವಳಿಗೆ ಸಿಟ್ಟು ತರಿಸಿತು.

"ಕೂಡಿಸು ಅಂತೀರಿ, ಏಳು ಕಿತ್ತುಕೋ ಅಂತೀರಿ. ಇದು ನಮ್ಮ ಅತ್ತಿಗೆಯ ಲೆಕ್ಕ. ಹೊಸ ಸೀರೆ ಕೊಡುತ್ತೇನೆಂದು ನನ್ನ ಹಳೆಯದನ್ನು ಇಸಿದುಕೊಂಡಳು. ಹೊಸದು ಇವತ್ತಿಗೂ ಬಂದಿಲ್ಲ."

"ಪಾಪ, ನಿನ್ನ ಅತ್ತಿಗೆ ಅರ್ಧ ಲೆಕ್ಕ ಕಲಿತಿದ್ದಾಳೆ," ಎಂದರು ಚಿದಂಬರಮ್ಮನವರು.

"ಮೊದಲು ಎಡಗಡೆ ಏರಿಸಿ ಆಮೇಲೆ ತೆಗೆದರೆ ಆಗದೆ?"

"ಆಗುತ್ತದೆ."

"ಮತ್ತೆ ಮೊದಲು ತೆಗೆಯುವುದು ಯಾಕೆ?"

ಗುರುಗಳು ಚೌಕಟ್ಟನ್ನು ಅವಳ ಕಡೆಗೆ ತಳ್ಳಿದರು. "ಮೂರು ಕೂಡಿಸು."

ದಿನ ಕಳೆದಂತೆ ಬೆರಳು ಓಡತೊಡಗಿತು, ತಲೆ ಹಿಂದೆಯೇ ಉಳಿಯಿತು. ಪಾತ್ರೆ ಬೆಳಗುವಾಗಲೂ ಹಾಲವ್ವ ಅದನ್ನೇ ಯೋಚಿಸುತ್ತಿದ್ದಳು. ಇದ್ದದ್ದನ್ನು ತೆಗೆದರೆ ಹೆಚ್ಚಾಗುವುದು ಹೇಗೆ? ಅಡುಗೆಯ ಹಂಪಣ್ಣನನ್ನು ಕೇಳಿದಳು. ಉತ್ತರ ಸರಿ ಬರುತ್ತದಲ್ಲ, ನಿನಗೇನು ತಕರಾರು ಎಂದು ಅವನು ಸೌಟು ಕುಟ್ಟಿದ. ಚಿದಂಬರಮ್ಮನವರನ್ನು ಮತ್ತೆ ಕೇಳಿದಳು. ಅವರು ಮತ್ತೆ ಮೂರು ಕೂಡಿಸು ಎಂದರು.

ಹುಣ್ಣಿಮೆ ಬಂತು.

ಆಶ್ರಮದವರಿಗೂ ಬಂದ ಯಾತ್ರಿಕರಿಗೂ ಸೇರಿ ಇಪ್ಪತ್ತೆಂಟು ಸೇರು ಬೇಕು. ಆಚೆ ದಡದಿಂದ ಭಜನೆಯವರು ಬಂದರೆ ಅವರಿಗೆ ಹದಿಮೂರು. ಭಜನೆಯವರು ಬಂದೇ ಬಂದರು. ಹಾಲವ್ವ ಇಪ್ಪತ್ತೆಂಟು ಇಟ್ಟುಕೊಂಡಳು. ಹದಿಮೂರರ ಹತ್ತನ್ನು ಎಡಗಂಬಿಯಲ್ಲಿ ಏರಿಸಿದಳು. ಉಳಿದ ಮೂರಕ್ಕೆ ಬಲಗಡೆ ಏಳು ತೆಗೆದಳು.

ಆಗ ಚೆನ್ನಿ ಕರೆದಳು. ಅಂಗಾಲಿಗೆ ಮುಳ್ಳು ಚುಚ್ಚಿತ್ತು.

ಮುಳ್ಳು ತೆಗೆದು, ಕಣ್ಣೊರೆಸಿ ಬರುವಷ್ಟರಲ್ಲಿ ಹಂಪಣ್ಣ ಬಾಗಿಲಲ್ಲಿ ನಿಂತಿದ್ದ. ಎಸರು ಕುದಿಯುತ್ತಿದೆ, ಬೇಗ ಹೇಳು ಎಂದ. ಮೊದಲಿನಿಂದ ಮಾಡುವಷ್ಟು ಹೊತ್ತಿರಲಿಲ್ಲ. ಮಣಿ ತೋರಿಸಿದ್ದನ್ನೇ ಓದಿ ಹೇಳಿದಳು.

"ಮೂವತ್ತೊಂದು."

ಕೊನೆಯ ಪಂಕ್ತಿ ಬರಿ ಎಲೆಯ ಮುಂದೆ ಕೂತಿತು. ಹಂಪಣ್ಣ ಹಂಡೆಯ ತಳ ಕೆರೆದ ಸದ್ದು ಅಂಗಳದ ತನಕ ಕೇಳಿಸಿತು. ಚಿದಂಬರಮ್ಮನವರು ತಾವೇ ಅವಲಕ್ಕಿ ನೆನೆಸಿ, ಮೊಸರು ಕಲಸಿ ಬಡಿಸಿದರು. ಭಜನೆಯವರು ತುಟಿ ಬಿಚ್ಚದೆ ಉಂಡು ಎದ್ದರು. ಅವರು ಬೈದಿದ್ದರೆ ಹಾಲವ್ವನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಎಲೆ ಎತ್ತಿದ ಮೇಲೆ ಗುರುಗಳು ಅವಳನ್ನು ಜಗಲಿಗೆ ಕರೆದರು. ಚೌಕಟ್ಟನ್ನು ಮುಂದಿಟ್ಟು, ಮಾಡಿದ್ದನ್ನು ಮಾಡಿ ತೋರಿಸು ಎಂದರು.

ಇಪ್ಪತ್ತೆಂಟು ಇಟ್ಟಳು. ಹತ್ತು ಏರಿಸಿದಳು. ಏಳು ತೆಗೆದಳು. ಅವಳ ಕೈ ಅಲ್ಲಿಯೇ ನಿಂತಿತು.

"ಇಲ್ಲಿ," ಎಂದಳು ಹಾಲವ್ವ. "ಇಲ್ಲೇ ಮಗು ಕರೆದದ್ದು. ಏಳು ಹೋಗಿತ್ತು. ಎಡಗಡೆಯದು ಏರಿರಲಿಲ್ಲ."

ಚಿದಂಬರಮ್ಮನವರು ಬೆರಳಿನಿಂದ ಮಣಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಸರಿ. ನಿನ್ನ ಕೋಣೆ ಖಾಲಿ ಮಾಡು."

ಹಾಲವ್ವ ಇನ್ನೊಂದು ಮಾತಿಗಾಗಿ ಒಂದು ಗಳಿಗೆ ನಿಂತಳು. ಅಮ್ಮ ತಲೆ ತಗ್ಗಿಸಿದ್ದರು. ಅವರ ಬಲಗೈ ಎಡ ಮುಂಗೈಯಲ್ಲಿ ಏನೋ ತಡಕುತ್ತಿತ್ತು. ಅವಳು ತಿರುಗಿ ನಡೆದುಬಿಟ್ಟಳು.

ಗಂಟು ಕಟ್ಟಿದಳು. ಕೋಣೆಯ ಕಸ ಗುಡಿಸಿದಳು. ಅತ್ತಿಗೆ ಬಾಗಿಲಲ್ಲಿ ನಿಂತು ಏನು ಅನ್ನುತ್ತಾಳೆ, ತಾನು ಏನು ಅನ್ನಬೇಕು, ಎಲ್ಲ ಮನಸ್ಸಿನಲ್ಲಿ ಆಗಲೇ ನಡೆದುಹೋಯಿತು. ನಿದ್ದೆ ಹೋಗಿದ್ದ ಚೆನ್ನಿಯನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಇಳಿದಳು. ಅಣ್ಣನ ದೋಣಿ ಬಂದು ಕಾಯುತ್ತಿತ್ತು.

ಒಂದು ಕಾಲು ದೋಣಿಯಲ್ಲಿಟ್ಟಾಗ ಹಿಂದಿನಿಂದ ಕೋಲೂರುವ ಸದ್ದು ಕೇಳಿಸಿತು. ಚಿದಂಬರಮ್ಮನವರು ಮೆಟ್ಟಿಲು ತಡವುತ್ತ ಬರುತ್ತಿದ್ದರು.

"ಕೋಣೆ ಖಾಲಿ ಮಾಡಿ ಬಂದಿದ್ದೇನೆ," ಎಂದಳು ಹಾಲವ್ವ. "ನನ್ನಿಂದ ತೆಗೆಯುವುದು ಇನ್ನೂ ಏನಾದರೂ ಉಳಿದಿದೆಯಾ?"

ಅಮ್ಮ ಏದುಸಿರು ಬಿಡುತ್ತ ಎಡಗೈ ಮುಂದೆ ಚಾಚಿದರು. ಮುಂಗೈ ಬರಿದಾಗಿತ್ತು. ಮುಷ್ಟಿಯ ಸಂದಿನಿಂದ ಬೀಗದ ಕೈಯ ದಾರ ಇಳಿಬಿದ್ದಿತ್ತು.

ಉಗ್ರಾಣದ ಪಕ್ಕದ ಕೋಣೆ ಹಾಲವ್ವನಿಗೆ ನೆನಪಾದದ್ದು ಆಗ. ನೆನಪಾದರೂ ನಂಬಿಕೆ ಬರಲಿಲ್ಲ. ದಾರವನ್ನು ನೋಡಿದಳು, ದೋಣಿಯನ್ನು ನೋಡಿದಳು. ಒಂದು ಕಾಲು ದೋಣಿಯ ಜೊತೆ ತೂಗುತ್ತಿತ್ತು, ಇನ್ನೊಂದು ಕಲ್ಲಿನ ಮೇಲಿತ್ತು.

"ತಪ್ಪು ಲೆಕ್ಕ ಹೇಳಿದವಳಿಗಾ ಇದು?"

"ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಿದವಳಿಗೆ. ದಾರದ ಗಂಟು ಬಿಗಿದುಹೋಗಿತ್ತು. ಬಿಚ್ಚುವುದು ತಡವಾಯಿತು."

ಹಾಲವ್ವ ಕೈ ನೀಡಿದಳು. ಅಮ್ಮ ಮುಷ್ಟಿ ಸಡಿಲಿಸಲಿಲ್ಲ. ಒಂದು ಮಾತು ಕೇಳಿದರು.

"ಕೋಣೆ ಖಾಲಿ ಮಾಡು ಎಂದು ನಾನು ಏಳು ತೆಗೆದೆ. ಎಡಗಡೆಯದು ಏರಿಸುವ ಮೊದಲೇ ನೀನು ಎದ್ದು ಬಂದಿದ್ದೆ. ಮಗು ನಿನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದೆ. ಈ ಸಲ ನಿನ್ನನ್ನು ಕರೆದವರು ಯಾರು?"