ಅತಿಥಿಗೆ ಕಾದ ಮರಿ

ನಸುಕಿನಲ್ಲಿ ಮೊಟ್ಟೆಯೊಡೆದು ಬಂದ ಕಡಲಾಮೆ ಮರಿಯನ್ನು ಸ್ವಯಂಸೇವಕರು ಎತ್ತಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದರು.

"ಬಿಡು ನನ್ನ, ಕಡಲು ಕರೆಯುತ್ತಿದೆ," ಎಂದು ಮರಿ ಗೋಗರೆಯಿತು.

"ಎಂಥಾ ಅವಸರ! ನಾಯಿ ಬಾಯಿಗೆ ಬೀಳದಂತೆ ನಿನ್ನನ್ನು ಕಾದವರು ನಮ್ಮವರು. ಮುಖ್ಯ ಅತಿಥಿಗಳು ಬಂದು ತಮ್ಮ ಕೈಯಾರೆ ಬಿಡುತ್ತಾರೆ, ಸುಮ್ಮನಿರು," ಎಂದಿತು ಬುಟ್ಟಿ.

ಮರಿ ಬುಟ್ಟಿಯ ಗೋಡೆಗೆ ಕಾಲು ಬಡಿದೂ ಬಡಿದೂ ಸೋತಿತು. ಬಿಸಿಲೇರಿದ ಮೇಲೆ ಅತಿಥಿಗಳು ಬಂದರು. ಭಾಷಣವಾಯಿತು, ಫೋಟೋ ಆಯಿತು. ಮರಳಿಗೆ ಬಿಟ್ಟಾಗ ಮರಿಗೆ ನಾಲ್ಕು ಹೆಜ್ಜೆಯಿಡುವ ತ್ರಾಣವೂ ಉಳಿದಿರಲಿಲ್ಲ. ಜನ ಚಪ್ಪಾಳೆ ತಟ್ಟಿ ಊಟಕ್ಕೆ ನಡೆದರು.

ಬೆಳಗಿನಿಂದ ತೆಂಗಿನ ಗರಿಯ ಮೇಲೆ ಕೂತಿದ್ದ ಕಾಗೆ ಇಳಿದು ಬಂದು ಮರಿಯನ್ನು ತಿಂದು ಮುಗಿಸಿತು. ಬುಟ್ಟಿಯ ಅಂಚಿಗೆ ಕೊಕ್ಕು ಒರೆಸಿಕೊಳ್ಳುತ್ತಾ ವಿನಯದಿಂದ ಕೇಳಿತು:

"ನಾಯಿಯಿಂದ ಕಾದಿಟ್ಟಿರಿ, ದೊಡ್ಡ ಉಪಕಾರ. ನಾಳೆಯ ಅತಿಥಿ ಯಾರು, ಬುಟ್ಟಿಯಣ್ಣ?"