ಚೆಲುವಕ್ಕನ ಕಿಟಕಿ ಹಲಗೆ

ಒಂದು ಕಾಡಿನಲ್ಲಿ ನಾಲ್ಕು ಬುಟ್ಟಿ ಗೆಣಸಿಗೆ ಒಂದು ಕಿಟಕಿ ಹಲಗೆಯ ವ್ಯಾಪಾರ ಕುದುರಿತು. ಗೆಣಸು ಮುಳ್ಳುಹಂದಿ ಚೆಲುವಕ್ಕನದು. ಕೆಲಸ ಕಾಡುಬೆಕ್ಕು ಲಚ್ಚಪ್ಪ ಮೇಸ್ತ್ರಿಯದು. ಎರಡು ಬುಟ್ಟಿ ಮುಂಗಡ. ಉಳಿದೆರಡು ಕೆಲಸ ಮುಗಿದು ಒಪ್ಪಿಗೆಯಾದ ಮೇಲೆ. ಮರ ಮಾತ್ರ ಹಲಸಿನದೇ ಆಗಬೇಕು. ಈ ಮಾತಿಗೆ ಪಕ್ಕದ ಹೊಂಡದ ಆಮೆ ಈರಜ್ಜ ಸಾಕ್ಷಿ.

ನಾಲ್ಕು ಬುಟ್ಟಿ ಸಣ್ಣ ಮಾತಲ್ಲ. ಚೆಲುವಕ್ಕ ಮಳೆಗಾಲಕ್ಕೆಂದು ಅಗೆದು ಕೂಡಿಟ್ಟಿದ್ದೇ ಎಂಟು. ಆದರೆ ಅವಳ ಕಿಟಕಿಯ ಒಳಗಟ್ಟೆ ಬರೀ ಮಣ್ಣಿನದು. ಮಳೆಯ ಎರಚಲು ಬಡಿದಾಗಲೆಲ್ಲ ಕರಗಿ, ಕೆಳಗಿಟ್ಟ ಗೆಣಸಿನ ಮೇಲೆ ಕೆಸರಾಗಿ ಬೀಳುತ್ತಿತ್ತು. ಹೋದ ವರ್ಷ ಮೂರು ಬುಟ್ಟಿ ಕೊಳೆತೇ ಹೋಗಿತ್ತು. ‘ಒಂದು ಸಲ ಕೊಟ್ಟರೆ ಮುಗಿಯಿತು, ಹಲಸಿನ ಹಲಗೆ ಮಕ್ಕಳ ಕಾಲಕ್ಕೂ ಬರುತ್ತದೆ’ ಎಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಹಲಗೆ ಕೆಟ್ಟರೆ ಮಾತ್ರ ಅತ್ತ ಗೆಣಸೂ ಇಲ್ಲ, ಇತ್ತ ಕಟ್ಟೆಯೂ ಇಲ್ಲ. ಮರಿಗಳಿಗೆ ಮಳೆಗಾಲವೆಲ್ಲ ಉಪವಾಸ.

ಮೂರನೆಯ ದಿನ ಲಚ್ಚಪ್ಪ ಹಲಗೆ ಹಿಡಿದು ತಂದ. ಅದು ಹಳದಿಯಾಗಿ ಫಳಫಳ ಹೊಳೆಯುತ್ತಿತ್ತು.

“ನೋಡಕ್ಕಾ, ಬಂಗಾರ! ಇಂಥದ್ದೇ ಐದು ಮನೆಗೆ ಹಾಕಿದ್ದೀನಿ.”

“ಹಲಸು ಇಷ್ಟು ಹಗುರವೇನೋ? ಒಂದೇ ಕೈಲಿ ಹಿಡ್ಕೊಂಡು ಬಂದೆಯಲ್ಲ!”

“ಮೂರು ಬೇಸಿಗೆ ಒಣಗಿಸಿದ ಮರ ಅಕ್ಕಾ. ಹಸಿ ಮರ ಕೊಡೋಕೆ ನಾನೇನು ಕಳ್ಳನೇ?”

ಲಚ್ಚಪ್ಪ ಹಲಗೆ ಕೂರಿಸಿದ. ಅದರ ಮೇಲೆ ನೀರು ತುಂಬಿದ ಚಿಪ್ಪು ಇಟ್ಟು ತೋರಿಸಿದ. ಮಟ್ಟ ಸರಿಯಾಗಿತ್ತು. ಕೈಯಾಡಿಸಿದರೆ ಬೆಣ್ಣೆಯ ಹಾಗೆ ನುಣುಪು. ಕಣ್ಣಿಗೆ ಕಾಣುವ ಕೆಲಸದಲ್ಲಿ ಲಚ್ಚಪ್ಪ ಯಾವತ್ತೂ ತಪ್ಪುತ್ತಿರಲಿಲ್ಲ.

“ಬಿಸಿಲು ಏರ್ತಾ ಇದೆ, ಉಳಿದ ಬುಟ್ಟಿ ಎತ್ತಿಕೊಡಕ್ಕಾ.”

ಬೆಳಿಗ್ಗೆಯೇ ಹೊರಟಿದ್ದ ಈರಜ್ಜ ಪಕ್ಕದ ಹೊಂಡದಿಂದ ಆಗತಾನೇ ಹೊಸಿಲು ಮುಟ್ಟಿದ್ದ. “ಇಷ್ಟು ಅವಸರ ಯಾಕಪ್ಪ? ಸಾಕ್ಷಿ ಇನ್ನೂ ಒಳಗೇ ಬಂದಿಲ್ಲ” ಅಂದ.

ಅಷ್ಟರಲ್ಲಿ ಚೆಲುವಕ್ಕನ ಕಣ್ಣು ಹಲಗೆಯ ಎಡಗಡೆಗೆ ಹೋಯಿತು. ಗೋಡೆಗೂ ಹಲಗೆಗೂ ನಡುವೆ ಎರಡು ಬೆರಳು ಸಂದು!

“ಇದೇನಿದು ಮೇಸ್ತ್ರಿ?”

“ಮಳೆಗಾಲದಲ್ಲಿ ಮರ ಉಬ್ಬುತ್ತಲ್ಲಕ್ಕಾ, ಸಂದು ಬಿಡಲೇಬೇಕು.”

“ಕೂದಲೆಳೆಯಷ್ಟು ಬಿಡ್ತಾರೆ. ನೀನು ನನ್ನ ಮರಿ ನುಸುಳುವಷ್ಟು ಬಿಟ್ಟಿದ್ದೀಯ.”

ಲಚ್ಚಪ್ಪನಿಗೆ ಹೊಸ ಹಲಗೆ ಕೊಯ್ಯಲು ಮನಸ್ಸಿಲ್ಲ, ಬುಟ್ಟಿ ಬಿಡಲೂ ಮನಸ್ಸಿಲ್ಲ. ಗೋಡೆಗೆ ಬಳಿಯಲೆಂದು ಚೆಲುವಕ್ಕ ಮೂಲೆಯಲ್ಲಿ ಸುಣ್ಣ ಕಲಸಿಟ್ಟಿದ್ದಳು. ಅವನು ಮಡಕೆಯನ್ನೇ ಎಳೆದುಕೊಂಡ. “ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತೀಯಾ? ಈಗಲೇ ಮುಚ್ತೀನಿ” ಎಂದು ಸಂದಿಗೆ ಸುಣ್ಣ ಮೆತ್ತಿದ. ಹಲಗೆಯ ಮೇಲೆ ಚೆಲ್ಲಿದ್ದನ್ನು ಒದ್ದೆ ನಾರಿನಿಂದ ಒರೆಸಿದ.

ಒರೆಸಿದಲ್ಲೆಲ್ಲ ಹಲಗೆ ಕೆಂಪಾಯಿತು.

ಲಚ್ಚಪ್ಪ ಗಾಬರಿಯಿಂದ ಇನ್ನಷ್ಟು ಒರೆಸಿದ. ಕೆಂಪು ಇನ್ನಷ್ಟು ಹರಡಿತು.

“ಅದು... ಒಳ್ಳೆ ಹಲಸಿನ ಗುಣ ಅಕ್ಕಾ. ಜಾತಿ ಮರ ಹಾಗೇ ನಾಚ್ಕೊಳ್ಳುತ್ತೆ.”

ಈರಜ್ಜ ಕುತ್ತಿಗೆ ಉದ್ದ ಮಾಡಿ ನೋಡಿದ. “ಸುಣ್ಣ ತಾಗಿ ಹಲಸು ಕೆಂಪಾಗಿದ್ದನ್ನ ನೂರು ವರ್ಷದಲ್ಲಿ ನಾನು ಕಂಡಿಲ್ಲ ಮಗಾ. ಅರಿಶಿನ ಕೆಂಪಾಗೋದನ್ನ ಮಾತ್ರ ಪ್ರತಿ ಮದುವೆಯ ಆರತಿ ತಟ್ಟೆಯಲ್ಲೂ ಕಂಡಿದ್ದೀನಿ.”

ಚೆಲುವಕ್ಕ ಬೆನ್ನಿನಿಂದ ಒಂದು ಮುಳ್ಳು ಕಿತ್ತು ಹಲಗೆಯನ್ನು ಗೀರಿದಳು. ಹಳದಿಯ ಕೆಳಗೆ ಬೆಳ್ಳಗಿನ ಮೆತ್ತನೆಯ ಬೂರುಗದ ಮರ! ಎರಡು ಮಳೆ ಕಂಡರೆ ಹಿಟ್ಟಾಗಿ ಉದುರುವ ಮರ. ಅವಳು ಮೂಲೆಯಲ್ಲಿ ಅವನಿಗೆಂದು ತೆಗೆದಿಟ್ಟಿದ್ದ ಎರಡು ಬುಟ್ಟಿ ನೋಡಿದಳು. ಅವು ಇನ್ನೂ ಅವಳ ಮನೆಯಲ್ಲೇ ಇದ್ದವು.

“ಮಾನ ಕಳೀಬೇಡಕ್ಕಾ! ಮುಂಗಡ ವಾಪಸ್ ಕೊಡ್ತೀನಿ” ಎಂದು ಲಚ್ಚಪ್ಪ ಕೈಮುಗಿದ.

“ಎಲ್ಲಿಂದ ಕೊಡ್ತೀಯ? ಎರಡೂ ಬುಟ್ಟಿ ನಿನ್ನ ಹೊಟ್ಟೆಯಲ್ಲಿ ಕಾಣ್ತಾ ಇದೆ. ನನಗೆ ಬೇಕಾದ್ದು ಹಲಗೆ. ನಿನ್ನ ಹಿತ್ತಲಲ್ಲಿ ಹಲಸಿನ ದಿಮ್ಮಿ ಬಿದ್ದಿದೆ. ನಾಳೆಯೊಳಗೆ ಅದರದ್ದೇ ಕೂರಬೇಕು. ಕೊಟ್ಟ ಎರಡು ಬುಟ್ಟಿಗೇ ಲೆಕ್ಕ ಚುಕ್ತಾ.”

“ಅರ್ಧಕ್ಕೆ ಅರ್ಧ ಕಡಿತವಾ? ಇದು ಅನ್ಯಾಯ!”

“ಸರಿ ಹಾಗಾದರೆ, ಪಂಚಾಯಿತಿಗೆ ಹೋಗೋಣ. ಹಲಗೆ ನಾನು ಹೊರ್ತೀನಿ, ಸುಣ್ಣದ ಮಡಕೆ ನೀನು ಹಿಡ್ಕೋ.”

ಲಚ್ಚಪ್ಪ ಹಿತ್ತಲಿನ ದಿಮ್ಮಿಯ ಕಡೆಗೆ ಹೊರಟ.

ಮರುದಿನ ಅವನು ಏದುಸಿರು ಬಿಡುತ್ತಾ ನಿಜವಾದ ಹಲಸಿನ ಹಲಗೆ ಹೊತ್ತು ತಂದ. ಈ ಸಲ ಚೆಲುವಕ್ಕ ಪಕ್ಕದಲ್ಲೇ ಕೂತಳು. ಮೊದಲು ಸುಣ್ಣ ಹಚ್ಚಿ ನೋಡಿದಳು, ಕೆಂಪಾಗಲಿಲ್ಲ. ಆಮೇಲೆ ಅಳತೆ ಹಿಡಿಸಿದಳು. ಎರಡು ಕಡೆಯ ಗೋಡೆಯಲ್ಲೂ ಉಳಿಯಿಂದ ಉದ್ದನೆಯ ಕಚ್ಚು ಕೊರೆಸಿ, ಹಲಗೆಯ ತುದಿಗಳನ್ನು ಅದರೊಳಗೆ ಕೂರಿಸಿಕೊಂಡಳು. ಹೊಂಗೆ ಎಣ್ಣೆ ಒಂದು ಸಲ ಬಳಿಸಿ, ಒಣಗಿದ ಮೇಲೆ ಇನ್ನೊಂದು ಸಲ ಬಳಿಸಿದಳು.

“ನನಗಿಂತ ದೊಡ್ಡ ಮೇಸ್ತ್ರಿ ನೀನೇ ಆದೆಯಲ್ಲಕ್ಕಾ” ಎಂದು ಲಚ್ಚಪ್ಪ ಗೊಣಗಿದ.

“ನಿನ್ನ ದಯೆಯಿಂದ ಕಲಿತೆ. ಇನ್ನೊಂದು ಅಂಚು ಬಾಕಿ ಇದೆ, ಬಳಿ.”

ಈರಜ್ಜ ದಾರಿಯುದ್ದಕ್ಕೂ ಸುದ್ದಿ ಹೇಳುತ್ತಾ ಮನೆಗೆ ಹೋದ. ನಡಿಗೆ ನಿಧಾನ, ಹಾಗಾಗಿ ಎಲ್ಲರಿಗೂ ವಿವರವಾಗಿಯೇ ಸಿಕ್ಕಿತು. ಲಚ್ಚಪ್ಪ ಹಿಂದೆ ಹಲಗೆ ಹಾಕಿದ್ದ ಐದು ಮನೆಯವರೂ ತಮ್ಮ ಹಲಗೆಗೆ ಸುಣ್ಣ ಹಚ್ಚಿದರು. ಐದೂ ಕೆಂಪಾದವು. ಆ ಐದು ಮನೆಗೂ ಲಚ್ಚಪ್ಪ ಕೂಲಿಯಿಲ್ಲದೆ ಹಲಸಿನ ಹಲಗೆ ಹಾಕಿಕೊಡಬೇಕಾಯಿತು. ಹಿತ್ತಲಿನ ದಿಮ್ಮಿಯಲ್ಲಿ ಅವನಿಗೆ ಉಳಿದದ್ದು ಬರೀ ತೊಗಟೆ.

ವಾರದಲ್ಲೇ ಮಳೆ ಹಿಡಿಯಿತು. ಚೆಲುವಕ್ಕ ಕಿಟಕಿಯ ಬಳಿ ಹೋಗಿ ಹಲಗೆಯ ಕೆಳಗೆ ಕೈಯಾಡಿಸಿದಳು. ಒಣಗಿತ್ತು. ಮರಿಗಳನ್ನು ಕರೆದು ಒಂದೊಂದು ಗೆಣಸು ಕೊಟ್ಟು, ತಾನೂ ಒಂದು ಕಡಿಯುತ್ತಾ ಆರಾಮವಾಗಿ ಕಾಲು ಚಾಚಿದಳು.

ಕೊಟ್ಟದ್ದು ಎರಡು ಬುಟ್ಟಿ. ಬಂದದ್ದು ಹಲಸಿನ ಹಲಗೆ ಒಂದು, ಬುಟ್ಟಿಗಳಿಗೆ ಮುಚ್ಚಳವಾದ ಬೂರುಗದ ಹಲಗೆ ಒಂದು. ಮನೆಯಲ್ಲಿ ಉಳಿದದ್ದು ಒಂದೂ ಕೊಳೆಯದ ಆರು ಬುಟ್ಟಿ ಗೆಣಸು.

ನೀತಿ: ಒಂದು ಮೋಸವನ್ನು ಮುಚ್ಚಲು ಹೋದವನು ಇನ್ನೊಂದನ್ನು ತಾನೇ ಬಯಲು ಮಾಡುತ್ತಾನೆ; ಕೆಲಸವನ್ನು ಪರೀಕ್ಷಿಸಿ ನೋಡುವ ತನಕ ಪೂರ್ತಿ ಕೂಲಿ ಕೊಡಬಾರದು.