ಎಡಗಡೆ ಸ್ಟೀರಿಂಗು

ಮೈಸೂರಿನ ಅಮ್ಮಣ್ಣಿಯವರು ಅಮೆರಿಕದಿಂದ ತರಿಸಿದ್ದ ಹಳೇ ಪುಟ್ಟ ಕಾರನ್ನು ಮಾರಾಟಕ್ಕಿಟ್ಟರು. ಅದರ ಟಾಪು ಮಡಚಿ ಹಿಂದಕ್ಕೆ ಸರಿಸಬಹುದಿತ್ತು. ಡ್ರೈವರ್ ಚಿಕ್ಕಸಿದ್ದಯ್ಯ ಅದನ್ನೇ ಓಡಿಸಿಕೊಂಡು ಬದುಕಿದ್ದವನು. ಕೊಳ್ಳಲು ಬಂದ ಸಾಹುಕಾರರು ಅವನ ಮುಖ ಕೂಡ ನೋಡಲಿಲ್ಲ.

“ಇಂಥ ಕಾರು ನನಗೇನು ಹೊಸದಲ್ಲ. ನಾನೇ ಓಡಿಸ್ತೀನಿ. ಡ್ರೈವರ್ ಬೇಡ” ಎಂದರು.

ಬೀದಿಯವರೆಲ್ಲ ನೋಡುತ್ತಿದ್ದರು. ಸಾಹುಕಾರರು ಠೀವಿಯಿಂದ ಬಲಗಡೆ ಬಾಗಿಲು ತೆಗೆದು ಕೂತರು. ಎದುರಿಗೆ ಸ್ಟೀರಿಂಗೇ ಇಲ್ಲ! ಅಮೆರಿಕದ ಕಾರಿಗೆ ಅದು ಎಡಗಡೆ. ಟಾಪು ಬೇರೆ ತೆರೆದಿತ್ತು, ಬೀದಿಗೆಲ್ಲ ಕಾಣುತ್ತಿತ್ತು.

ಸಿದ್ದಯ್ಯ ನಗಲಿಲ್ಲ. ಬಾಗಿಲನ್ನು ಮೆತ್ತಗೆ ಹಾಕಿ, ಸುತ್ತಿ ಬಂದು ಎಡಗಡೆ ಕೂತ. ಎಲ್ಲರಿಗೂ ಕೇಳುವಂತೆ, “ನಮ್ಮ ಅಮ್ಮಣ್ಣಿಯವರು ಕೂರ್ತಿದ್ದದ್ದೂ ಅಲ್ಲೇ ಬುದ್ಧಿ. ಎಲ್ಲಿಗೆ ಹೋಗೋಣ?” ಅಂದ.

“ಬೆಟ್ಟಕ್ಕೆ” ಅಂದರು ಸಾಹುಕಾರರು, ಗಂಭೀರವಾಗಿ.

ಬೀದಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು: “ನಾಳೆ ಎಷ್ಟು ಹೊತ್ತಿಗೆ ಕೆಲಸಕ್ಕೆ ಬರ್ತೀಯಪ್ಪ?”